ನಿಮ್ಮ ಖರೀದಿ ರೇಟನ್ನು ಸ್ಪರ್ಧಾ ಆಯೋಗ ಕೇಳುವುದಿಲ್ಲ

ಹಬ್ಬದ ಸೇಲ್ ಶುರುವಾದರೆ ಸಾಕು, ಮೊಬೈಲ್ ಅಂಗಡಿಯವರ ಫೋನ್ ಬರುತ್ತದೆ. "ಸಾರ್, ನನ್ನ ಖರೀದಿ ರೇಟಿಗಿಂತ ಕಮ್ಮಿಗೆ ಆನ್‌ಲೈನಲ್ಲಿ ಮಾರ್ತಿದ್ದಾರೆ. ಸ್ಪರ್ಧಾ ಆಯೋಗದಲ್ಲಿ ಕೇಸ್ ಹಾಕಿ." ಹಿಂದೆಯೇ ವಾಟ್ಸಾಪಿಗೆ ಸ್ಕ್ರೀನ್‌ಶಾಟುಗಳ ರಾಶಿ.

ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ಸ್ಪರ್ಧಾ ಆಯೋಗ ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿ ಕೆಡದಂತೆ ಕಾಯುವ ಕೇಂದ್ರದ ಸಂಸ್ಥೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಬಲರು ತಮ್ಮ ಬಲ ದುರ್ಬಳಕೆ ಮಾಡುವುದನ್ನು ತಡೆಯುತ್ತದೆ; ನಷ್ಟಕ್ಕೆ ಮಾರಿದರೋ ಎಂದು ನೋಡಲು ಅಲ್ಲಿ ಲೆಕ್ಕ ಹಾಕುವುದು ಮಾರಿದವರ ವೆಚ್ಚವನ್ನು. ನಿಮಗೆ ಡಿಸ್ಟ್ರಿಬ್ಯೂಟರ್ 14,000ಕ್ಕೆ ಕೊಟ್ಟ ಫೋನು ಅವರಿಗೆ 12,500ಕ್ಕೆ ಸಿಕ್ಕಿದೆ ಅಂದುಕೊಳ್ಳಿ. 13,000ಕ್ಕೆ ಮಾರಿದರೂ ಅವರಿಗೆ ಲಾಭವೇ ಅಲ್ವಾ? ಆಫರ್ ದುಡ್ಡು ಬ್ಯಾಂಕಿನದ್ದೂ ಇರಬಹುದು. ನಿಜಕ್ಕೂ ನಷ್ಟಕ್ಕೆ ಮಾರಿದ್ದರೂ, ಪೈಪೋಟಿ ಮುಗಿಸಲೆಂದೇ ಮಾರಿದರು ಎಂದು ತೋರಿಸಬೇಕು. ಅದಕ್ಕೂ ಮೊದಲು ಆ ಮಾರುಕಟ್ಟೆಯಲ್ಲಿ ಅವರೇ ಪ್ರಬಲರು ಎಂದು ಸಾಬೀತಾಗಬೇಕು. ಇಬ್ಬರು ದೊಡ್ಡವರು ಎದುರುಬದುರು ನಿಂತಿರುವಾಗ ಅದು ಸುಲಭವಲ್ಲ. ಬರೀ ದೊಡ್ಡ ಕಂಪನಿ ಆಗಿರುವುದಂತೂ ಅಪರಾಧವೇ ಅಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 3ನೇ ಸೆಕ್ಷನ್ ಇದೆ. ಅದು ಒಪ್ಪಂದಗಳನ್ನು ನೋಡುತ್ತದೆ. ಅಲ್ಲಿ ಪ್ರಾಬಲ್ಯ ತೋರಿಸಬೇಕಿಲ್ಲ, ಸ್ಪರ್ಧೆಗೆ ಬಿದ್ದ ಪೆಟ್ಟು ತೋರಿಸಬೇಕು. ದೆಹಲಿ ವ್ಯಾಪಾರಿಗಳ ಸಂಘದ ದೂರಿನ ಮೇಲೆ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ಆಯೋಗ ತನಿಖೆಗೆ ಆದೇಶಿಸಿದ್ದು ಇದೇ ದಾರಿಯಲ್ಲಿ. ಕೆಲವು ಫೋನುಗಳು ಒಂದೇ ತಾಣದಲ್ಲಿ ಬಿಡುಗಡೆಯಾಗುತ್ತವೆ, ಕೆಲವೇ ಮಾರಾಟಗಾರರಿಗೆ ಆದ್ಯತೆ ಸಿಗುತ್ತದೆ ಎಂಬುದು ದೂರು. ಆ ತನಿಖೆ ಬೇಡವೆಂದು ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದವು. 2021ರ ಜೂನ್‌ನಲ್ಲಿ ಅರ್ಜಿ, ಜುಲೈನಲ್ಲಿ ಮೇಲ್ಮನವಿ, ಎರಡೂ ವಜಾ ಆದವು. ತನಿಖೆಗೆ ಆದೇಶವಾದ ಮಾತ್ರಕ್ಕೆ ತಪ್ಪು ಸಾಬೀತಾಯಿತು ಅಂತ ತಿಳಿಯಬೇಡಿ.

ಚಿಕ್ಕಮಗಳೂರಿನ ಕಡೆ ಹೋಂಸ್ಟೇ ನಡೆಸುವ ಒಬ್ಬ ಅಮ್ಮ ಬಂದಿದ್ದರು. ಬುಕಿಂಗ್ ತಾಣದವರ ಕಮಿಷನ್ ಜಾಸ್ತಿ ಅನ್ನುವುದು ಅವರ ದೂರು. ಆದರೆ ಕೈಚೀಲದಲ್ಲಿ ಅಗ್ರಿಮೆಂಟ್ ತಂದಿದ್ದರು! ಅದರ ನಡುಪುಟದಲ್ಲಿ ಒಂದು ಷರತ್ತು: ಬೇರೆಲ್ಲೂ, ಸ್ವಂತ ವೆಬ್‌ಸೈಟಿನಲ್ಲೂ, ಇದಕ್ಕಿಂತ ಕಡಿಮೆಗೆ ರೂಮು ಕೊಡುವಂತಿಲ್ಲ. ಕಮಿಷನ್ನಿಗಿಂತ ನನ್ನ ಕಣ್ಣಿಗೆ ಬಿದ್ದಿದ್ದು ಇದು. ಹೋಟೆಲ್ ಬುಕಿಂಗ್ ತಾಣಗಳಾದ ಮೇಕ್‌ಮೈಟ್ರಿಪ್-ಗೋಐಬಿಬೋಗೆ 2022ರ ಅಕ್ಟೋಬರ್‌ನಲ್ಲಿ ಆಯೋಗ 223.48 ಕೋಟಿ ರೂಪಾಯಿ ದಂಡ ಹಾಕಿದ ಪ್ರಕರಣದಲ್ಲಿ ಇಂಥ ಷರತ್ತೂ ಒಂದು ಮುಖ್ಯ ಕಾರಣವಾಗಿತ್ತು. ಪ್ರತಿ ಕೇಸೂ ಹಾಗೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ಆಯೋಗದ ಮುಂದೆ ಮಾತಾಡಲು ಆ ಅಮ್ಮನ ಬಳಿ ಏನೋ ಒಂದು ಇತ್ತು.

ಆದ್ದರಿಂದ ಸುಮ್ನೆ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅಗ್ರಿಮೆಂಟ್ ತನ್ನಿ. "ನಮ್ಮಲ್ಲಿ ಸ್ಟಾಕ್ ಇಲ್ಲ, ಆನ್‌ಲೈನಿಗೆ ಮಾತ್ರ" ಎಂದು ಡಿಸ್ಟ್ರಿಬ್ಯೂಟರ್ ಬರೆದ ಮೇಲ್ ಇದ್ದರೆ ಅಳಿಸದೆ ಇಟ್ಟುಕೊಳ್ಳಿ. 2023ರ ತಿದ್ದುಪಡಿ ಬಂದ ಮೇಲೆ ದೂರಿಗೆ ಕಾರಣ ಹುಟ್ಟಿದ 3 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ತಡವಾದರೆ ಯಾಕೆ ತಡ ಎಂದು ಮೊದಲು ಒಪ್ಪಿಸಬೇಕಾಗುತ್ತದೆ.