ದರ ನೋಡುವ ಮೊದಲು ಗಡುವು ನೋಡಿ

ಸೋಲಾರ್ ಘಟಕಕ್ಕೆ ಹಣ ಹಾಕಲು ಹೊರಟವರು ವಿದ್ಯುತ್ ಖರೀದಿ ಒಪ್ಪಂದವನ್ನು ತಂದು ಮೇಜಿನ ಮೇಲಿಟ್ಟಾಗ ಮೊದಲು ಬೆರಳಿಡುವುದು ಯೂನಿಟ್ ದರದ ಮೇಲೆ. ನಾನು ಹುಡುಕುವುದು ಬೇರೆ ಪುಟವನ್ನು: ಘಟಕ ಯಾವ ದಿನದೊಳಗೆ ಚಾಲೂ ಆಗಬೇಕು, ಆಗದಿದ್ದರೆ ಏನು? ಸೌರ ವಿದ್ಯುತ್ತಿನ ದರ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿರುವ ನಮ್ಮ ದೇಶದಲ್ಲಿ ನಿಮ್ಮ ಕೈಗೆ ಸಿಗುವ ದರವನ್ನು ಆ ಗಡುವೇ ತೀರ್ಮಾನಿಸುತ್ತದೆ.

ಕರ್ನಾಟಕದ ರೈತರಿಗೆ ಇದು ಗೊತ್ತಾದದ್ದು ಕಷ್ಟದ ದಾರಿಯಲ್ಲಿ. 2014ರ ಸೌರ ನೀತಿ ಸ್ವಂತ ಜಮೀನಿರುವ ರೈತರಿಗೆ 1ರಿಂದ 3 ಮೆಗಾವಾಟ್ ಘಟಕ ಹಾಕಲು ಅವಕಾಶ ಕೊಟ್ಟಿತು. 2015ರಲ್ಲಿ ಎಸ್ಕಾಂಗಳ, ಅಂದರೆ ಸರ್ಕಾರಿ ವಿದ್ಯುತ್ ಸರಬರಾಜು ಕಂಪನಿಗಳ, ಜೊತೆ ಒಪ್ಪಂದಗಳಾದವು. ಯೂನಿಟ್‌ಗೆ 8.40 ರೂಪಾಯಿ, 25 ವರ್ಷ. ಘಟಕ ಚಾಲೂ ಮಾಡಲು 18 ತಿಂಗಳು. ಗಡುವು ತಪ್ಪಿದರೆ ಚಾಲೂ ಆದ ದಿನ ಯಾವ ದರ ಜಾರಿಯಲ್ಲಿದೆಯೋ ಅದೇ ಅನ್ವಯ ಎಂಬ ಕಲಮೂ ಅದರಲ್ಲಿತ್ತು. ಅಷ್ಟರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಹೊಸ ಘಟಕಗಳ ದರವನ್ನು 2015ರಲ್ಲಿ 6.51ಕ್ಕೂ 2017ರಲ್ಲಿ 4.36ಕ್ಕೂ ಇಳಿಸಿತು. ಕೆಲವೇ ತಿಂಗಳು ತಡವಾದರೆ ಆದಾಯ ಅರ್ಧಕ್ಕರ್ಧ ಕುಸಿಯುತ್ತದೆ. ಸಾಲದ ಕಂತು ಮಾತ್ರ 8.40ರ ಲೆಕ್ಕದಲ್ಲೇ ನಿಂತಿರುತ್ತದೆ.

ತಡ ಆಗಿಯೇ ಆಯಿತು. ಕೃಷಿ ಜಮೀನಿನ ಭೂಪರಿವರ್ತನೆಗೆ ಜಿಲ್ಲಾಧಿಕಾರಿ ಕಚೇರಿಯ ಆದೇಶ ಬೇಕಿತ್ತು, ವಿದ್ಯುತ್ತನ್ನು ಸಬ್‌ಸ್ಟೇಷನ್‌ಗೆ ಒಯ್ಯಲು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಒಪ್ಪಿಗೆ ಬೇಕಿತ್ತು. ಹಿರೇಹಳ್ಳಿ ಸೋಲಾರ್ ಪವರ್ ಪ್ರಾಜೆಕ್ಟ್ ಪ್ರಕರಣದಲ್ಲಿ ಆದದ್ದೂ ಇದೇ. ಬೆಂಗಳೂರು ಭಾಗದ ಎಸ್ಕಾಂ ಆದ ಬೆಸ್ಕಾಂ ಗಡುವನ್ನು ಆರು ತಿಂಗಳು ವಿಸ್ತರಿಸಿತು. ಆದರೆ ಆಯೋಗ ಅದನ್ನು ಒಪ್ಪಲಿಲ್ಲ. ಕಚೇರಿಗಳ ವಿಳಂಬವನ್ನು ಕೈಮೀರಿದ ಕಾರಣವೆಂದು ಪರಿಗಣಿಸಲಾಗದು ಎಂದು ದರವನ್ನು 4.36ಕ್ಕೆ ಇಳಿಸಿತು. ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಮಾಡಿ 8.40 ರೂಪಾಯಿಯನ್ನೇ ಉಳಿಸಿತು. ಬೆಸ್ಕಾಂ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಆಗಸ್ಟ್‌ನಲ್ಲಿ ಅಲ್ಲಿಯೂ ಸೋತಿತು.

ತೀರ್ಪು ಸರಿಯಾದದ್ದೇ. ಸರ್ಕಾರದ ಒಂದು ಕಚೇರಿ ಕಡತ ಇಟ್ಟುಕೊಂಡು ಕೂತಿದ್ದಕ್ಕೆ ಸರ್ಕಾರದ್ದೇ ಇನ್ನೊಂದು ಸಂಸ್ಥೆ ರೈತನ ದರ ಕತ್ತರಿಸುವುದು ಅನ್ಯಾಯ. ಆದರೆ 2015ರ ಒಪ್ಪಂದಕ್ಕೆ ಕೊನೆಯ ಉತ್ತರ ಸಿಕ್ಕಿದ್ದು 2024ರಲ್ಲಿ. ಅಷ್ಟು ವರ್ಷ ಬಡ್ಡಿ ಕಟ್ಟಿಕೊಂಡು ಕಾಯುವ ಶಕ್ತಿ ದೊಡ್ಡ ಕಂಪನಿಗಿರುತ್ತದೆ, ಮೂರು ಮೆಗಾವಾಟ್‌ನ ಘಟಕಕ್ಕೆ ಇರುವುದಿಲ್ಲ. ಅನುಮತಿಗೆ ಅರ್ಜಿ ಹಾಕಿದ ದಿನದಿಂದ ಆದೇಶ ಬಂದ ದಿನದವರೆಗೆ, ಕಾನೂನಿನ ಕಾಲಮಿತಿ ಮೀರಿದಷ್ಟೂ ದಿನ, ಗಡುವು ತಾನಾಗಿಯೇ ಮುಂದೆ ಹೋಗುವಂತೆ ಮಾದರಿ ಒಪ್ಪಂದದಲ್ಲೇ ಬರೆಯಬೇಕೆಂಬುದು ನನ್ನ ಬಹುಕಾಲದ ವಾದ. ಇದಕ್ಕೆ ಸರ್ಕಾರ ಒಂದು ರೂಪಾಯಿ ಸಬ್ಸಿಡಿಯನ್ನೂ ಕೊಡಬೇಕಿಲ್ಲ.

ದೊಡ್ಡ ಹೂಡಿಕೆದಾರರನ್ನೂ ಈ ಭಯ ಬಿಟ್ಟಿಲ್ಲ. 2019ರಲ್ಲಿ ಆಂಧ್ರಪ್ರದೇಶ ಸರ್ಕಾರ ಹಿಂದಿನ ಗಾಳಿ, ಸೌರ ಒಪ್ಪಂದಗಳ ದರವನ್ನು ಮತ್ತೆ ಚೌಕಾಸಿ ಮಾಡಲು ಸಮಿತಿ ನೇಮಿಸಿತು. ಒಪ್ಪಂದದ ದರದಲ್ಲೇ ಬಾಕಿ ಕೊಡಿ ಎಂದು ಅಲ್ಲಿನ ಹೈಕೋರ್ಟ್ ವಿಭಾಗೀಯ ಪೀಠ ಹೇಳಿದ್ದು 2022ರ ಮಾರ್ಚ್‌ನಲ್ಲಿ. ಒಂದು ರಾಜ್ಯ ಮಾತಿಗೆ ತಪ್ಪಿದರೆ ಸಾಲ ಕೊಡುವವರು ಪಕ್ಕದ ರಾಜ್ಯದ ಯೋಜನೆಯನ್ನೂ ಅನುಮಾನದಿಂದ ನೋಡುತ್ತಾರೆ. ಆ ಅನುಮಾನ ಬಡ್ಡಿಯಾಗುತ್ತದೆ, ಬಡ್ಡಿ ಕೊನೆಗೆ ದರದೊಳಗೆ ಸೇರುತ್ತದೆ.

ಈಗ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್‌ಗಳ ವಿದ್ಯುತ್ ಮಾರ್ಗಗಳಿಗೆ (ಫೀಡರ್‌ಗಳಿಗೆ) ಹಗಲು ವಿದ್ಯುತ್ ಕೊಡಲು ಸಬ್‌ಸ್ಟೇಷನ್‌ಗಳ ಹತ್ತಿರ ಮತ್ತೆ ಸಣ್ಣ ಘಟಕಗಳು ಬರುತ್ತಿವೆ. ಸಹಿ ಹಾಕುವವರಿಗೆ ನಾನು ಹೇಳುವುದಿಷ್ಟು. ಭೂಪರಿವರ್ತನೆ ಬೇಕಾದರೆ ಸಹಿಯಾದ ವಾರದಲ್ಲೇ ಅರ್ಜಿ ಹಾಕಿ, ತಡವಾಗಿ ಹಾಕಿದವರಿಗೆ ವಿಳಂಬದ ದೂರು ಹೇಳಲು ಬಾಯಿರುವುದಿಲ್ಲ. ಪ್ರತಿ ಪತ್ರಕ್ಕೂ ಮುದ್ರೆ, ತಾರೀಖು ಇರುವ ಸ್ವೀಕೃತಿ ಪಡೆಯಿರಿ. ಅಡ್ಡಿ ಎದುರಾದರೆ ಒಪ್ಪಂದ ಹೇಳಿದ ದಿನಗಳೊಳಗೆ ಎಸ್ಕಾಂಗೆ ಲಿಖಿತ ನೋಟಿಸ್ ಕೊಡಿ, ಇಂಜಿನಿಯರ್ ಸಾಹೇಬರ ಬಾಯಿಮಾತಿನ ಭರವಸೆ ನ್ಯಾಯಾಲಯದಲ್ಲಿ ನಿಲ್ಲದು. ಗಡುವು ವಿಸ್ತರಣೆಯ ಪತ್ರ ಸಿಕ್ಕರೆ ಅದಕ್ಕೆ ಆಯೋಗದ ಒಪ್ಪಿಗೆಯನ್ನೂ ಕೇಳಿ ಪಡೆಯಿರಿ. ಅದು ಬರುವ ಮೊದಲು ಪ್ಯಾನೆಲ್‌ಗಳ ಪೂರ್ತಿ ಹಣ ಬಿಡುಗಡೆ ಮಾಡಬೇಡಿ.