ಕುದುರೆ ತೊಟ್ಟಿಯ ನೀರು ಕುಡಿದು ಓಡಿದ ಕಾರು

ಪಂಪ್ ಸ್ಟವ್ ಹಚ್ಚಿ ಗೊತ್ತಿದ್ದವರಿಗೆ, ಹಬೆಯಿಂದ ಓಡುತ್ತಿದ್ದ ಸ್ಟಾನ್ಲಿ ಕಾರಿನ ಒಳಗುಟ್ಟು ಬೇಗ ಅರ್ಥವಾಗುತ್ತದೆ. ಮೊದಲು ಬರ್ನರ್ ಕಾಯಿಸಬೇಕು. ಅದು ಕಾದರೆ ಎಣ್ಣೆ ಆವಿಯಾಗಿ ಭುರ್ರೆಂದು ನೀಲಿ ಉರಿ ಏಳುತ್ತದೆ. ಸ್ಟವ್ ಮೇಲೆ ಪಾತ್ರೆ ಕೂತಂತೆ ಇಲ್ಲಿ ಬಾಯ್ಲರ್ ಕೂತಿರುತ್ತದೆ. ಅದರಲ್ಲಿ ಹಬೆ ಏರಲು ಸುಮಾರು ಅರ್ಧ ಗಂಟೆ ಬೇಕು. ಆಮೇಲೆ ಕಾರು ಹೊರಡುತ್ತದೆ, ಹೆಚ್ಚು ಕಮ್ಮಿ ಸದ್ದೇ ಇಲ್ಲದೆ.

ಇದನ್ನು ಮಾಡಿದವರು ಫ್ರಾನ್ಸಿಸ್ ಮತ್ತು ಫ್ರೀಲನ್ ಸ್ಟಾನ್ಲಿ. ಅಮೆರಿಕದ ಮೇನ್ ರಾಜ್ಯದಲ್ಲಿ 1849ರಲ್ಲಿ ಹುಟ್ಟಿದ ಅವಳಿಗಳು. ಇಬ್ಬರದೂ ಒಂದೇ ಥರದ ಗಡ್ಡ, ಒಂದೇ ಥರದ ಬಟ್ಟೆ. ಮೊದಲು ದುಡ್ಡು ಕಂಡದ್ದು ಫೋಟೊಗೆ ಬೇಕಾದ ಗಾಜಿನ ಡ್ರೈ ಪ್ಲೇಟ್ ವ್ಯಾಪಾರದಲ್ಲಿ. ಕಾರು ಮೊದಮೊದಲು ಅವರಿಗೆ ಹವ್ಯಾಸ. 1897ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ ಮೊದಲ ಕಾರು ತಯಾರಾಯಿತು. ಮುಂದಿನ ಎರಡು ವರ್ಷದಲ್ಲಿ ಇನ್ನೂರಕ್ಕೂ ಜಾಸ್ತಿ ಕಾರು ಮಾಡಿ ಮಾರಿದರು. ಆಗ ಅಮೆರಿಕದಲ್ಲಿ ಬೇರೆ ಯಾರೂ ಅಷ್ಟು ಮಾಡಿರಲಿಲ್ಲ.

1899ರಲ್ಲಿ ಈ ವ್ಯಾಪಾರವನ್ನು 2,50,000 ಡಾಲರ್‌ಗೆ ಮಾರಿಬಿಟ್ಟರು. ಕೊಂಡವರು ಲೋಕೊಮೊಬೈಲ್ ಎಂಬ ಹೆಸರಲ್ಲಿ ಕಾರು ಮಾಡಿದರು, ಆಮೇಲೆ ಪೆಟ್ರೋಲ್ ಕಡೆ ವಾಲಿದರು. ಹಳೇ ಹಕ್ಕುಗಳನ್ನು ಅಣ್ಣತಮ್ಮಂದಿರು ಬರೀ 20,000 ಡಾಲರ್‌ಗೆ ವಾಪಸ್ ಕೊಂಡರು. ವ್ಯಾಪಾರ ಗೊತ್ತಿಲ್ಲದವರೇನಲ್ಲ, ಅಲ್ವಾ?

ಎಂಜಿನ್ ವಿಷಯಕ್ಕೆ ಬಂದರೆ, ಅಷ್ಟು ಸರಳವಾದದ್ದು ಇವತ್ತಿಗೂ ಅಪರೂಪ ಅನ್ನಿಸುತ್ತದೆ. ಎರಡೇ ಸಿಲಿಂಡರ್. ಗೇರ್ ಬದಲಿಸುವ ಗೋಜಿಲ್ಲ, ಕ್ಲಚ್ ಇಲ್ಲ. ನಿಂತ ಜಾಗದಿಂದಲೇ ಹಬೆ ಪೂರ್ತಿ ಬಲದಿಂದ ತಳ್ಳುತ್ತದೆ. ಬಾಯ್ಲರ್ ಸಿಡಿದೀತೆಂದು ಜನ ಹೆದರುತ್ತಿದ್ದರು. ಅದಕ್ಕೇ ಅದರ ಸುತ್ತ ಪಿಯಾನೊ ತಂತಿಯನ್ನು ಪದರ ಪದರವಾಗಿ ಬಿಗಿದು ಸುತ್ತಿದ್ದರು. ನೀರು ಕಮ್ಮಿಯಾಗಿ ವಿಪರೀತ ಕಾದರೆ ಒಳಗಿನ ಕೊಳವೆ ಸೋರಿ ಉರಿ ಆರುತ್ತಿತ್ತು, ಅಷ್ಟೇ. 1906ರ ಜನವರಿಯಲ್ಲಿ ಫ್ರೆಡ್ ಮ್ಯಾರಿಯಟ್ ಎಂಬಾತ ಫ್ಲಾರಿಡಾದ ಕಡಲತೀರದಲ್ಲಿ ಸ್ಟಾನ್ಲಿ ರೇಸ್ ಕಾರನ್ನು ಗಂಟೆಗೆ 205 ಕಿ.ಮೀ. ವೇಗದಲ್ಲಿ ಓಡಿಸಿದ. ಹಬೆ ಕಾರುಗಳಲ್ಲಿ ಆ ದಾಖಲೆ ಅಧಿಕೃತವಾಗಿ ಮುರಿದದ್ದು 2009ರಲ್ಲಿ!

ಹಾಗಿದ್ದರೆ ಸೋತದ್ದೆಲ್ಲಿ? ಓಟದಲ್ಲಿ ಅಲ್ಲ. ಹೊರಡುವುದರಲ್ಲಿ, ನೀರಿನಲ್ಲಿ.

ಮೊದಮೊದಲು ಪೆಟ್ರೋಲ್ ಕಾರಿಗೂ ಒಂದು ಪೀಡೆಯಿತ್ತು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕು, ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅದರ ಮುಂದೆ ಅರ್ಧ ಗಂಟೆ ಕಾಯುವುದು ದೊಡ್ಡದಲ್ಲ ಅನ್ನಿಸುತ್ತಿತ್ತು. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಆ ಲೆಕ್ಕವೇ ತಲೆಕೆಳಗಾಯಿತು.

ಇನ್ನು ನೀರು. ಬಳಸಿದ ಹಬೆಯನ್ನು ಹಳೇ ಸ್ಟಾನ್ಲಿ ಹೊರಗೆ ಬಿಟ್ಟುಬಿಡುತ್ತಿತ್ತು. ಸುಮಾರು 50 ಕಿ.ಮೀ.ಗೊಮ್ಮೆ ನೀರು ತುಂಬಬೇಕು. ಅದಕ್ಕೆ ಚಿಂತೆ ಇರಲಿಲ್ಲ, ದಾರಿ ಬದಿ ಕುದುರೆಗಳಿಗೆಂದು ಕಟ್ಟಿದ ತೊಟ್ಟಿಗಳಿದ್ದವು. ಪೈಪ್ ಇಳಿಬಿಟ್ಟು ಎಳೆದುಕೊಂಡರೆ ಆಯಿತು. 1914ರಲ್ಲಿ ಅಮೆರಿಕದಲ್ಲಿ ಕಾಲುಬಾಯಿ ರೋಗ ಹಬ್ಬಿತು. ಕುದುರೆಗೆ ಆ ರೋಗ ತಗಲುವುದಿಲ್ಲ, ಆದರೂ ತೊಟ್ಟಿ ನೀರಿನಿಂದ ಹರಡೀತೆಂಬ ಭಯಕ್ಕೆ ಹಲವು ಕಡೆ ತೊಟ್ಟಿಗಳನ್ನೇ ಮುಚ್ಚಿಸಿದರು. ದನಗಳ ರೋಗಕ್ಕೆ ಕಾರು ಕಂಪನಿ ಒದ್ದಾಡಿದ್ದು ಬೇರೆಲ್ಲೂ ಕೇಳಿಲ್ಲ. ಕೊನೆಗೆ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್ ಕೂರಿಸಿದರು. ಕಾರಿನ ತೂಕ ಏರಿತು, ಕಾಯುವುದು ಮಾತ್ರ ತಪ್ಪಲಿಲ್ಲ.

ಅಣ್ಣತಮ್ಮಂದಿರು 1917ರಲ್ಲಿ ಕಂಪನಿ ಬಿಟ್ಟುಕೊಟ್ಟರು. ಮರುವರ್ಷ ಫ್ರಾನ್ಸಿಸ್ ರಸ್ತೆಯಲ್ಲಿದ್ದ ರೈತರ ಗಾಡಿಗಳನ್ನು ತಪ್ಪಿಸಲು ಹೋಗಿ, ಸೌದೆ ರಾಶಿಗೆ ಕಾರು ಗುದ್ದಿ ತೀರಿಕೊಂಡರು. ಕಾರ್ಖಾನೆ 1924ರಲ್ಲಿ ಬಾಗಿಲು ಹಾಕಿತು. ಆ ವರ್ಷ ಸ್ಟಾನ್ಲಿ ಸೆಡಾನ್‌ಗೆ 3,950 ಡಾಲರ್. ಫೋರ್ಡ್‌ನ ಮಾಡೆಲ್ ಟಿ 500 ಡಾಲರ್‌ಗೂ ಕಮ್ಮಿಗೆ ಸಿಗುತ್ತಿತ್ತು. ಅಷ್ಟೊತ್ತಿಗೆ ಅದರಲ್ಲೂ ಸೆಲ್ಫ್ ಬಂದಿತ್ತು.