ಬರೀ ಬಿಸಿಲಿಗೆ ಇಡೀ ಕುಟುಂಬ ಸಾಯುತ್ತದಾ?

ಪ್ರಶ್ನೆ: 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರೆಕ್ಕಿಂಗ್ ಹೋದ ಗಂಡ, ಹೆಂಡತಿ, ಒಂದು ವರ್ಷದ ಮಗು, ಸಾಕಿದ ನಾಯಿ ಎಲ್ಲರೂ ದಾರಿಯಲ್ಲೇ ತೀರಿಹೋದರು. ಮೈಮೇಲೆ ಗಾಯ ಇರಲಿಲ್ಲವಂತೆ. ಕೊನೆಗೆ ‘ಬಿಸಿಲಿಗೆ ಸತ್ತರು’ ಅಂದರು. ಬಿಸಿಲಿಗೆ ನಾಲ್ಕು ಜೀವ ಒಂದೇ ಸಲ ಹೋಗುತ್ತದಾ? ಇದರ ಹಿಂದೆ ಬೇರೆ ಏನೋ ಇದೆ ಅಲ್ವಾ? ನಮ್ಮ ಮಗಳೂ ಸ್ಯಾನ್ ಹೋಸೆಯಲ್ಲಿದ್ದಾಳೆ, ರಜೆ ಬಂದರೆ ಬೆಟ್ಟ ಸುತ್ತೋಕೆ ಹೋಗುತ್ತಾಳೆ.

ಉತ್ತರ: ಹೋಗುತ್ತದೆ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೇಳುವವರೆಲ್ಲರ ಮಾತಿನಲ್ಲೂ ‘ಒಂದೇ ಸಲ’ ಅನ್ನೋದು ಬಂದೇ ಬರುತ್ತದೆ. ಅಲ್ಲೇ ದಾರಿ ತಪ್ಪುತ್ತಿದೆ ಅಂತ ನನಗನ್ನಿಸುತ್ತದೆ. ಅವರು ಒಂದೇ ಸಲ ಸತ್ತರು ಅಂತ ತನಿಖೆ ಮಾಡಿದವರು ಹೇಳಿಲ್ಲ. ಆಗಸ್ಟ್ 15, ಭಾನುವಾರ ಬೆಳಿಗ್ಗೆ ಹೊರಟವರು ಆಗಸ್ಟ್ 17ಕ್ಕೆ ಸಿಕ್ಕಿದರು. ನಮಗೆ ಗೊತ್ತಿರೋದು ಒಂದೇ ಜಾಗದ ಆಸುಪಾಸಿನಲ್ಲಿ ಸಿಕ್ಕಿದರು ಅನ್ನೋದು ಮಾತ್ರ. ನಡುವೆ ಎರಡು ದಿನ ಇದೆ.

ಜಾಗದ ಬಗ್ಗೆ ಹೇಳದೆ ಉಳಿದದ್ದು ಅರ್ಥವಾಗೋದಿಲ್ಲ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಪಕ್ಕದ ಮಾರಿಪೋಸಾ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಸಿಯೆರಾ ನ್ಯಾಷನಲ್ ಫಾರೆಸ್ಟ್ ಅನ್ನೋ ಕಾಡು. ಅಲ್ಲಿ ಹೈಟ್ಸ್ ಕೋವ್ ಅನ್ನೋ ಕಡೆಯಿಂದ ಹೊರಟು, ಮರ್ಸೆಡ್ ನದಿ ದಂಡೆಗೆ ಇಳಿದು, ಸ್ಯಾವೇಜ್ ಲಂಡಿ ಅನ್ನೋ ಕಾಲುದಾರಿ ಹತ್ತಿ ಕಾರಿನ ಹತ್ತಿರಕ್ಕೆ ವಾಪಸ್ ಬರಬಹುದು. ಒಟ್ಟು ಸುಮಾರು 13 ಕಿಲೋಮೀಟರ್ ಸುತ್ತು.

ನಮಗೆ ಗೊತ್ತಿರುವ ಬೆಟ್ಟಗಳಲ್ಲಿ ಹತ್ತೋದು ಮೊದಲು, ಇಳಿಯೋದು ಆಮೇಲೆ. ಅರ್ಧದಲ್ಲೇ ಸುಸ್ತಾದರೆ ತಿರುಗಿ ಇಳಿದುಬಿಡಬಹುದು. ಇಲ್ಲಿ ಉಲ್ಟಾ. ಕಾರು ಮೇಲೆ, ನದಿ ಕೆಳಗೆ. ಬೆಳಿಗ್ಗೆ ಎಂಟರ ಹೊತ್ತಿಗೆ ಮೇಲೆ ಬರೀ 24 ಡಿಗ್ರಿ ಸೆಲ್ಸಿಯಸ್, ಹಿತವಾದ ಹವೆ. ಸುಮಾರು 600 ಮೀಟರ್ ಆಳಕ್ಕೆ ಇಳಿಯುತ್ತಾ ಹೋದ ಹಾಗೆ ಸೆಕೆ ಏರುತ್ತದೆ. ಇಳಿಜಾರು ಆದ್ದರಿಂದ ಅದು ಅಷ್ಟಾಗಿ ಗೊತ್ತಾಗೋದಿಲ್ಲ. ನದಿ ಹತ್ತಿರ ಬರುವಾಗ 33, 35, 37. ಕಡಿದಾದ ಏರು ಶುರುವಾಗುವುದು ಆಮೇಲೆ, ನೆತ್ತಿ ಸುಡುವ ಹೊತ್ತಿಗೆ. ಅವತ್ತು ಮಧ್ಯಾಹ್ನ ಆ ಏರಿನಲ್ಲಿ 42ರಿಂದ 43 ಡಿಗ್ರಿ ಇತ್ತು ಅಂತ ತನಿಖಾಧಿಕಾರಿಗಳು ಲೆಕ್ಕ ಕೊಟ್ಟಿದ್ದಾರೆ. ರಾಯಚೂರು, ಕಲಬುರಗಿಯವರಿಗೆ ಇದು ಎಂಥ ಬಿಸಿಲು ಅಂತ ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಅಂಗಡಿಯವರೂ ಬಾಗಿಲು ಎಳೆದುಕೊಂಡು ಒಳಗೆ ಕೂತಿರುತ್ತಾರೆ.

ನೆರಳೂ ಇಲ್ಲ. 2018ರ ಫರ್ಗ್ಯುಸನ್ ಕಾಡ್ಗಿಚ್ಚು ಆ ಗುಡ್ಡದ ಮರಗಳನ್ನೆಲ್ಲ ಸುಟ್ಟುಹಾಕಿತ್ತು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇರೆ, ಹೊತ್ತೆಲ್ಲ ಬಿಸಿಲು ಬಡಿಯುವ ಜಾಗ. ಬೆಂಕಿ ಬೀಳುವ ಮೊದಲು ಈ ಕಡೆ ಬಂದುಹೋದವರಿಗೆ ನೆನಪಿನಲ್ಲಿ ಇರುವ ದಾರಿಯೇ ಬೇರೆ.

ಇನ್ನು ನೀರು. ಅವರ ಹತ್ತಿರ ಸಿಕ್ಕಿದ್ದು ಬೆನ್ನಿಗೆ ಹಾಕುವ ಒಂದು ನೀರಿನ ಚೀಲ, ಹೆಚ್ಚೆಂದರೆ ಎರಡೂವರೆ ಲೀಟರ್ ಹಿಡಿಯುವಂಥದ್ದು. ಅದು ಖಾಲಿಯಾಗಿತ್ತು. ಈ ಉತ್ತರ ಬರೆಯೋ ಮುಂಚೆ ನಾನು ಎರಡೂವರೆ ಲೀಟರ್ ನೀರು ಅಳೆದು ಅಡುಗೆಮನೆ ಕಟ್ಟೆ ಮೇಲೆ ಇಟ್ಟು ನೋಡಿದೆ. ದೊಡ್ಡ ಸ್ಟೀಲ್ ಲೋಟದಲ್ಲಿ ಹಾಕಿದರೆ ಹತ್ತು ಲೋಟ ಬಂತು. ಇಬ್ಬರು ದೊಡ್ಡವರಿಗೆ ನಾಲ್ಕು ನಾಲ್ಕು, ಮಗುವಿಗೆ ಒಂದು, ನಾಯಿಗೆ ಒಂದು, ಅಷ್ಟಕ್ಕೆ ಕಟ್ಟೆ ಖಾಲಿ. ಆ ಬಿಸಿಲಿನಲ್ಲಿ ಏರು ಹತ್ತುವ ಒಬ್ಬ ದೊಡ್ಡವರ ಮೈಯಿಂದ ಒಂದು ಗಂಟೆಗೆ ಒಂದು ಲೀಟರಿಗಿಂತ ಜಾಸ್ತಿ ಬೆವರು ಹೋಗಬಹುದು. ಲೋಟಗಳ ಮುಂದೆ ನಿಂತು ಹೊಟ್ಟೆಯಲ್ಲಿ ಏನೋ ಸಂಕಟವಾಯಿತು.

ನೀರು ಮುಗಿದ ಮೇಲೆ ದೇಹದಲ್ಲಿ ಏನಾಗುತ್ತದೆ? ಮೈ ತಣಿಯಬೇಕಾದರೆ ರಕ್ತ ಚರ್ಮದ ಕಡೆ ಹರಿಯಬೇಕು, ಬೆವರು ಆರಬೇಕು. ಹತ್ತುತ್ತಿರುವ ಕಾಲಿಗೂ ಅದೇ ರಕ್ತ ಬೇಕು. ನೀರು ಕಡಿಮೆಯಾದರೆ ರಕ್ತವೂ ಕಡಿಮೆಯಾಗುತ್ತದೆ, ಹೃದಯ ಎರಡು ಕಡೆಗೂ ಒದಗಿಸಲಾರದೆ ಸೋಲುತ್ತದೆ. ಒಳಗಿನ ಬಿಸಿ 40 ಡಿಗ್ರಿ ದಾಟಿದರೆ ಮೆದುಳು ಮಂಕಾಗುತ್ತದೆ. ಎತ್ತ ಹೋಗಬೇಕು, ಏನು ಮಾಡಬೇಕು ಅಂತ ತೋಚೋದಿಲ್ಲ. ಕೂತರೆ ಏಳೋಕೆ ಆಗೋದಿಲ್ಲ. ಪುಟ್ಟ ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಬಾಯಾರಿಕೆ ಅಂತ ಅದಕ್ಕೆ ಹೇಳೋಕೂ ಬರೋದಿಲ್ಲ. ಎತ್ತಿಕೊಂಡವರ ಮೈಬಿಸಿಯೂ ಅದಕ್ಕೆ ತಾಗುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರೋಕೆ ಆಗೋದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ದಾರಿ. ಹವೆಯೇ 43 ಡಿಗ್ರಿ ಇದ್ದಾಗ ಆ ಏದುಸಿರು ಸಾಲೋದಿಲ್ಲ, ಮೇಲಾಗಿ ಕಾದ ನೆಲದ ಮೇಲೆ ಬರಿಗಾಲು.

ಹಾಗಾದರೆ ಬೇರೆ ಮಾತುಗಳು ಎಲ್ಲಿಂದ ಬಂದವು? ಸುಮ್ನೆ ಹುಟ್ಟಿದ್ದಲ್ಲ ಅವು. ಮಾರಿಪೋಸಾ ಚಿನ್ನ ಅಗೆದ ಸೀಮೆ, ಹಳೇ ಗಣಿಗಳಿವೆ. ವಿಷಾನಿಲ ಇರಬಹುದು ಅಂತ ಮೊದಲು ಹೋದ ಸಿಬ್ಬಂದಿಯೇ ಎಚ್ಚರಿಕೆ ವಹಿಸಿದ್ದರು. ಮರ್ಸೆಡ್ ನದಿಯಲ್ಲಿ ವಿಷಕಾರಿ ಪಾಚಿ ಇದೆ ಅಂತ ಅರಣ್ಯದವರು ಜುಲೈನಲ್ಲೇ ಎಚ್ಚರಿಸಿದ್ದರು. ಅಂಥ ನೀರು ಕುಡಿದು ನಾಯಿಗಳು ಸಾಯೋದುಂಟು. ಆದ್ದರಿಂದ ಪಾಚಿಯ ಅನುಮಾನ ನ್ಯಾಯವಾದದ್ದೇ. ಪರೀಕ್ಷೆ ಮಾಡಿದಾಗ ನದಿ ನೀರಿನಲ್ಲಿ ಅನಟಾಕ್ಸಿನ್ ಅನ್ನೋ ವಿಷ ಸಿಕ್ಕಿತು ಕೂಡ. ಆದರೆ ಈ ಕುಟುಂಬ ಆ ನೀರು ಕುಡಿದಿತ್ತು ಅನ್ನೋಕೆ ಪುರಾವೆ ಸಿಗಲಿಲ್ಲ. ಗುಂಡು, ಸಿಡಿಲು, ಕಾರ್ಬನ್ ಮೊನಾಕ್ಸೈಡ್, ಸಯನೈಡ್, ಮಾದಕ ವಸ್ತು, ಆತ್ಮಹತ್ಯೆ ಇವನ್ನೂ ಒಂದೊಂದಾಗಿ ನೋಡಿ ತಳ್ಳಿಹಾಕಿದರು.

ಇದಕ್ಕೇ ಎರಡು ತಿಂಗಳು ಹಿಡಿಯಿತು. ಬಿಸಿಲಿನ ಸಾವು ದೇಹದ ಮೇಲೆ ಮುದ್ರೆ ಒತ್ತಿ ಹೋಗೋದಿಲ್ಲ. ಶವಪರೀಕ್ಷೆಯಲ್ಲಿ ‘ಇದೇ’ ಅಂತ ಬೆರಳಿಟ್ಟು ತೋರಿಸುವ ಗುರುತು ಅದಕ್ಕೆ ಸಾಮಾನ್ಯವಾಗಿ ಇರೋದಿಲ್ಲ. ಪೆಟ್ಟು ಅಲ್ಲ, ವಿಷ ಅಲ್ಲ, ಕಾಯಿಲೆ ಅಲ್ಲ ಅಂತ ನೋಡಿಕೊಂಡು, ಸ್ಥಳ, ಹವೆ, ನೀರು ಎಲ್ಲ ಸೇರಿಸಿ ವೈದ್ಯರು ಅಲ್ಲಿಗೆ ಬರುತ್ತಾರೆ. ‘ಗಾಯ ಇರಲಿಲ್ಲ’ ಅಂತ ಜನ ಅನುಮಾನಕ್ಕೆ ಕಾರಣವಾಗಿ ಹೇಳುತ್ತಾರಲ್ಲ, ಬಿಸಿಲಿನ ಸಾವು ಇರೋದೇ ಹಾಗೆ. ಅಕ್ಟೋಬರ್ 21ರಂದು ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಜೆರೆಮಿ ಬ್ರೀಸ್ ಕಾರಣ ಪ್ರಕಟಿಸಿದರು: ದೇಹದ ಉಷ್ಣತೆ ಮಿತಿಮೀರಿದ್ದು, ಜೊತೆಗೆ ನಿರ್ಜಲೀಕರಣ ಇದ್ದಿರಬಹುದು.

ಆ ಎರಡು ತಿಂಗಳಲ್ಲಿ ಕೊಲೆ ಅಂದವರಿದ್ದರು, ಗಂಡನ ಮೇಲೆ ಹೊರಿಸಿದವರಿದ್ದರು, ಹೆಂಡತಿಯ ಮೇಲೆ ಹೊರಿಸಿದವರಿದ್ದರು. ಮಗಳು, ಅಳಿಯ, ಮೊಮ್ಮಗಳನ್ನು ಕಳೆದುಕೊಂಡು ಕೂತವರು ಅದನ್ನೆಲ್ಲ ಓದಬೇಕಾಯಿತು. ನನಗೆ ಇದರಷ್ಟು ನೋವಿನ ವಿಷಯ ಈ ಪ್ರಕರಣದಲ್ಲಿ ಬೇರೆ ಕಾಣೋದಿಲ್ಲ.

‘ಹಾಗಿದ್ದರೆ ಫೋನ್ ಯಾಕೆ ಮಾಡಲಿಲ್ಲ?’ ಅಂತ ಆಮೇಲೂ ಕೇಳಿದರು. ಮಾಡಿದ್ದರು. ಎಫ್‌ಬಿಐ ನೆರವಿನಿಂದ ಫೋನ್ ತೆರೆದಾಗ, 2022ರ ಫೆಬ್ರುವರಿಯಲ್ಲಿ, ಅದು ಹೊರಬಂತು. ಬೆಳಿಗ್ಗೆ 11:56ಕ್ಕೆ ಒಂದು ಮೆಸೇಜ್: ಸಹಾಯ ಬೇಕು, ನೀರಿಲ್ಲ, ಮಗು ಜೊತೆಗಿದೆ, ಸೆಕೆ ತಡೆಯೋಕೆ ಆಗುತ್ತಿಲ್ಲ ಅನ್ನೋ ಅರ್ಥದ್ದು, ಅವಸರದಲ್ಲಿ ಅಕ್ಷರ ತಪ್ಪಿ ಒತ್ತಿದ್ದು. ನಂತರದ ಮುಕ್ಕಾಲು ಗಂಟೆಯೊಳಗೆ ಐದು ಕರೆ. ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಒಂದೂ ಹೋಗಲಿಲ್ಲ. ಅವರು ಸಿಕ್ಕಿದ ಜಾಗದಿಂದ ಕಾರಿಗೆ ಎರಡೂವರೆ ಕಿಲೋಮೀಟರ್ ಚಿಲ್ಲರೆ ಬಾಕಿ ಇತ್ತು.

ನಿಮ್ಮ ಮಗಳ ವಿಷಯ. ಹೋಗಬೇಡ ಅನ್ನಬೇಡಿ, ಅಷ್ಟು ಚೆಂದದ ಬೆಟ್ಟಗಳವು. ಹೊರಡೋ ಮುಂಚೆ ಎರಡು ವಿಷಯ ನೋಡಿಕೊಳ್ಳಲಿ. ದಾರಿ ಮೊದಲು ಇಳಿಯುತ್ತದಾ, ಹತ್ತುತ್ತದಾ? ಮೊದಲು ಇಳಿಯೋದಾದರೆ, ಮೂರನೇ ಒಂದು ಭಾಗ ನೀರು ಖರ್ಚಾದ ತಕ್ಷಣ ತಿರುಗಲಿ. ಇನ್ನೊಂದು, ಕಾರು ನಿಲ್ಲಿಸಿದ ಜಾಗದ ಹವೆ ನೋಡಿ ಸಾಕಾಗೋದಿಲ್ಲ, ಕೆಳಗಿನ ಕಣಿವೆಯಲ್ಲಿ ಮಧ್ಯಾಹ್ನ ಎಷ್ಟಿರುತ್ತದೆ ಅಂತ ನೋಡಲಿ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಊರಲ್ಲಿರುವ ಒಬ್ಬರಿಗೆ ಹೇಳಿ ಹೋಗಲಿ. ಐಫೋನ್ 14 ಅಥವಾ ಅದರ ನಂತರದ್ದು ಇದ್ದರೆ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಮನೆಯಲ್ಲೇ ಒಮ್ಮೆ ಅದರ ಡೆಮೊ ನೋಡಿ ಅಭ್ಯಾಸ ಮಾಡಿಕೊಳ್ಳಲಿ. ಆ ಸೌಲಭ್ಯ ಶುರುವಾದದ್ದು 2022ರ ನವೆಂಬರಿನಲ್ಲಿ.